ಹನ್ನೆರಡು ಮೈಕಿಗೆ ಕೇಳಿಸದ್ದು ಎಂಟಕ್ಕೆ ಕೇಳಿಸಿತು: ಒಂದು ಶಾಲಾ ನಾಟಕದ ಪ್ರಕರಣ ಅಧ್ಯಯನ

ಪೌರಾಣಿಕ ನಾಟಕ, 70 ನಿಮಿಷ, ಒಂಬತ್ತು ದೃಶ್ಯ. ರಂಗದ ಮೇಲೆ 24 ಮಕ್ಕಳು, ಪಕ್ಕದಲ್ಲಿ ಹಾರ್ಮೋನಿಯಂ, ತಬಲ ಮತ್ತು ಇಬ್ಬರು ಹಾಡುವವರ ಹಿಮ್ಮೇಳ. ಜಾಗ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯ ಸಭಾಂಗಣ: ಉದ್ದ 30 ಮೀಟರ್, ಅಗಲ 14, ಮೇಲೆ ತಗಡು, ಕೆಳಗೆ ಗ್ರಾನೈಟು, 600 ಪ್ಲಾಸ್ಟಿಕ್ ಕುರ್ಚಿ. ಪೋಷಕರೆಲ್ಲ ಒಂದೇ ಸಲ ಹಿಡಿಸುವುದಿಲ್ಲವೆಂದು ಶುಕ್ರವಾರ ಒಂದು, ಮುಂದಿನ ಮಂಗಳವಾರ ಇನ್ನೊಂದು ಎಂದು ಎರಡು ಪ್ರದರ್ಶನ ಇಟ್ಟುಕೊಂಡಿದ್ದರು. ಶುಕ್ರವಾರದ್ದು ಧ್ವನಿಯ ಮಟ್ಟಿಗೆ ಪೂರ್ತಿ ಕೆಟ್ಟಿತು. ಮಂಗಳವಾರ ಅದೇ ಸಭಾಂಗಣ, ಅದೇ ಮಕ್ಕಳು, ಅದೇ ಮೈಕ್‌ಸೆಟ್ಟಿನ ಅಂಗಡಿ. ಕಾರ್ಡ್‌ಲೆಸ್ ಮೈಕು ನಾಲ್ಕು ಕಡಿಮೆ. ಆದರೂ ಕೊನೆಯ ಸಾಲಿನ ತನಕ ಮಾತು ಕೇಳಿಸಿತು. ನಡುವಿನ ಮೂರು ದಿನಗಳಲ್ಲಿ ಏನೇನು ಬದಲಾಯಿತು, ಯಾಕೆ ಬದಲಾಯಿತು ಎಂಬುದು ಈ ಬರಹ.

ಶುಕ್ರವಾರದ ಜೋಡಣೆ

ಕಾರ್ಡ್‌ಲೆಸ್ ಮೈಕು ಒಟ್ಟು ಹನ್ನೆರಡು. ಸೊಂಟಕ್ಕೆ ಸಿಕ್ಕಿಸುವ ಪ್ಯಾಕ್ (ಧ್ವನಿಯನ್ನು ರೇಡಿಯೊ ಅಲೆಯಾಗಿ ಕಳಿಸುವ ಡಬ್ಬಿ) ಇರುವ ಕಾಲರ್ ಮೈಕು ಎಂಟು, 640 ಮೆಗಾಹರ್ಟ್ಸ್ ಆಸುಪಾಸಿನವು. ಅಂಗಡಿಯ ಹಳೇ ದಾಸ್ತಾನಿನ ಹ್ಯಾಂಡ್ ಮೈಕು ಎರಡು, 770ರ ಆಸುಪಾಸಿನವು. ಶಾಲೆಯೇ ಕೊಂಡಿದ್ದ 2.4 ಗಿಗಾಹರ್ಟ್ಸ್‌ನ ಹೆಡ್‌ಸೆಟ್ ಎರಡು. ರಿಸೀವರ್‌ಗಳನ್ನೆಲ್ಲ (ಆ ಅಲೆ ಹಿಡಿಯುವ ಪೆಟ್ಟಿಗೆಗಳು) ಒಂದರ ಮೇಲೊಂದು ಪೇರಿಸಿ ಸಭಾಂಗಣದ ಹಿಂಬಾಗಿಲ ಹತ್ತಿರ, ಮಿಕ್ಸರ್ ಮೇಜಿನ ಮೇಲೆ ಇಟ್ಟಿದ್ದರು. ಅಲ್ಲಿಂದ ರಂಗಕ್ಕೆ 27 ಮೀಟರ್. ಮಿಕ್ಸರ್ 16 ಚಾನೆಲ್‌ನ ಅನಲಾಗ್. ಎರಡು ದೊಡ್ಡ ಸ್ಪೀಕರ್‌ಗಳು ರಂಗದ ಮೇಲೆ, ಪರದೆಯ ಗೆರೆಗೆ ಸರಿಯಾಗಿ. ಸಭಾಂಗಣದ ಅರ್ಧದಲ್ಲಿ ಎರಡೂ ಗೋಡೆಗೆ ಕಾಲಂ ಸ್ಪೀಕರ್. ರಂಗದ ಹಿಂದೆ ಬಾಡಿಗೆ ಎಲ್‌ಇಡಿ ಗೋಡೆ.

ಮೈಕು ಹಂಚಿದ್ದು ಮಾತಿನ ಲೆಕ್ಕದಲ್ಲಿ: ಯಾರಿಗೆ ಮಾತು ಹೆಚ್ಚೋ ಆ ಹನ್ನೆರಡು ಮಕ್ಕಳಿಗೆ ಒಂದೊಂದು. ಮಿಕ್ಸರ್‌ನಲ್ಲಿ ಒಂದೊಂದು ಮೈಕಿನ ಧ್ವನಿ ಏರಿಳಿಸುವ ಗುಂಡಿಗಳೆಲ್ಲ ಒಂದೇ ಎತ್ತರದಲ್ಲಿ ನಿಂತು ಮೊದಲ ಗಂಟೆಯಿಂದ ಮಂಗಳದ ತನಕ ಅಲ್ಲಾಡಲಿಲ್ಲ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ತಾಲೀಮು ನಡೆದಾಗ ದೊಡ್ಡ ತೊಂದರೆ ಕಾಣಿಸಿರಲಿಲ್ಲ. ಇದನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಸಂಜೆ ಜನ ತುಂಬಿದ ಮೇಲೆ ಮೊದಲ ದೃಶ್ಯದಲ್ಲೇ ಹೌಲಿಂಗ್ ಶುರು, ಅಂದರೆ ಸ್ಪೀಕರ್‌ನ ಸದ್ದೇ ಮರಳಿ ಮೈಕಿಗೆ ಹೊಕ್ಕು ಕೂಗುವುದು. ಆಪರೇಟರ್ ಮಾಸ್ಟರ್ ಗುಂಡಿ ಇಳಿಸಿದರು; ಕೂಯ್ ಅನ್ನುವುದು ನಿಂತಿತು, ಮಾತೂ ನಿಂತಿತು. ಎರಡನೇ ದೃಶ್ಯದಲ್ಲಿ ಹೆಡ್‌ಸೆಟ್ ಹಾಕಿದ್ದ ರಾಜನ ಮಾತು ಕಡಿದು ಕಡಿದು ಬಂತು. ಮೂರರಲ್ಲಿ ರಾಣಿಯ ಮೈಕಿನಿಂದ ಮಂತ್ರಿಯ ಧ್ವನಿ ಗರಗರ ಎನ್ನುತ್ತ ಹೊರಟಿತು. ನಾಲ್ಕರಲ್ಲಿ ಗ್ರೀನ್ ರೂಮಿನೊಳಗೆ ಕೂತ ಸೇನಾಪತಿ ಇನ್ನೊಂದು ಇಡ್ಲಿ ಕೇಳಿದ್ದು ಸಭೆಗೆಲ್ಲ ಕೇಳಿಸಿತು, ರಾತ್ರಿಯ ಅತ್ಯಂತ ಸ್ಪಷ್ಟ ಮಾತು ಅದೇ. ಏಳನೇ ದೃಶ್ಯದಲ್ಲಿ ಋಷಿಯ ಪ್ಯಾಕಿನ ಸೆಲ್ಲು ಸತ್ತಿತು. ಉದ್ದಕ್ಕೂ ದೀಪ ಏರಿಳಿದಾಗಲೆಲ್ಲ ಸ್ಪೀಕರ್‌ಗಳಲ್ಲಿ ಜಿಂಯ್ ಎನ್ನುವ ಸದ್ದು.

ಶಾಲೆಯವರಿಗೆ ಮೊದಲು ಹೊಳೆದದ್ದು ಮೈಕು ಸಾಲಲಿಲ್ಲ, ಇನ್ನು ಆರು ತರಿಸೋಣ ಎಂದು. ಹಾಗೆ ಮಾಡಿದ್ದರೆ ಮಂಗಳವಾರ ಇನ್ನೂ ಕೆಡುತ್ತಿತ್ತು.

ಶನಿವಾರ: ಒಂದೊಂದೇ ಬಿಡಿಸಿ ನೋಡಿದ್ದು

ಎಲ್ಲ ಪ್ಯಾಕ್‌ಗಳನ್ನೂ ರಂಗದ ಮೇಲೆ ಒಂದೊಂದು ಮೀಟರ್ ಬಿಟ್ಟು ಚಾಲೂ ಮಾಡಿಟ್ಟು, ಒಂದನ್ನು ಮಾತ್ರ ಆಫ್ ಮಾಡಿ, ಅದರ ರಿಸೀವರ್‌ನ ಸಿಗ್ನಲ್ ದೀಪ ನೋಡಬೇಕು. ತನ್ನ ಪ್ಯಾಕ್ ಆರಿರುವಾಗ ರಿಸೀವರ್ ಕತ್ತಲಾಗಬೇಕು. ದೀಪ ಇನ್ನೂ ಉರಿಯುತ್ತಿದ್ದರೆ ಅದು ಬೇರೆ ಯಾರದೋ ಅಲೆಯನ್ನು ಕುಡಿಯುತ್ತಿದೆ ಎಂದೇ ಅರ್ಥ. ಶನಿವಾರ ಬೆಳಿಗ್ಗೆ ಈ ಪರೀಕ್ಷೆ ಮಾಡಿದಾಗ ಎಂಟು ಕಾಲರ್ ಮೈಕುಗಳಲ್ಲಿ ಆರರ ರಿಸೀವರ್ ಆರಲೇ ಇಲ್ಲ. ಹತ್ತು ನಿಮಿಷದ ಕೆಲಸ. ಶುಕ್ರವಾರ ಮಧ್ಯಾಹ್ನವೇ ಮಾಡಬಹುದಿತ್ತು.

ಕಾರಣ ಅಂಗಡಿಯವರ ಅಚ್ಚುಕಟ್ಟುತನ. ನೆನಪಿಡಲು ಸುಲಭವೆಂದು ಎಂಟನ್ನೂ ಅರ್ಧ ಅರ್ಧ ಮೆಗಾಹರ್ಟ್ಸ್ ಅಂತರಕ್ಕೆ ಸಾಲಾಗಿ ಕೂರಿಸಿದ್ದರು: 640.0, 640.5, 641.0, ಹೀಗೆ 643.5ರ ತನಕ. ಎರಡು ಟ್ರಾನ್ಸ್‌ಮಿಟರ್ ಹತ್ತಿರ ಬಂದಾಗ ಅವೆರಡರ ಬೆರಕೆಯಿಂದ ಹೊಸ ಫ್ರೀಕ್ವೆನ್ಸಿಗಳು ಹುಟ್ಟುತ್ತವೆ. ಇದಕ್ಕೆ ಇಂಟರ್‌ಮಾಡ್ಯುಲೇಶನ್ ಎನ್ನುತ್ತಾರೆ. ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆದರೆ ಬರುವ ಸಂಖ್ಯೆಯೇ ಇವುಗಳಲ್ಲಿ ಹೆಚ್ಚು ಕಾಡುವಂಥದು. 640.5ರ ಎರಡರಷ್ಟು 1281. ಅದರಲ್ಲಿ 640 ಕಳೆದರೆ 641. ಅಲ್ಲಿ ಮೂರನೇ ಮೈಕು ಆಗಲೇ ಕೂತಿದೆ. ಎರಡನ್ನು ಕೂಡಿ ಮೂರನೆಯದನ್ನು ಕಳೆದರೂ ಇಂಥದೇ ಸಂಖ್ಯೆ ಬರುತ್ತದೆ. ಎಂಟು ಪ್ಯಾಕ್ ಉರಿಯುವಾಗ ಮೊದಲ ಬಗೆಯ ಬೆರಕೆಗಳು 56, ಎರಡನೇ ಬಗೆಯವು 168. ಸಮ ಅಂತರದಲ್ಲಿ ಕೂರಿಸಿದರೆ ಇವುಗಳಲ್ಲಿ ಬಹಳಷ್ಟು ನೇರ ಇನ್ನೊಂದು ಮೈಕಿನ ತಲೆಯ ಮೇಲೇ ಬೀಳುತ್ತವೆ. ರಾಣಿಯ ಮೈಕಿನಲ್ಲಿ ಮಂತ್ರಿ ಮಾತಾಡಿದ್ದು ಹೀಗೆ.

ಬಿಡಿಸಿಕೊಳ್ಳುವ ಸೂತ್ರ ಸರಳ: ಯಾವುದೇ ಎರಡು ಮೈಕುಗಳ ನಡುವಿನ ಅಂತರ ಮತ್ತೆರಡರ ನಡುವಿನ ಅಂತರಕ್ಕೆ ಸಮವಾಗಬಾರದು. ಇಲ್ಲಿ ಹೊಸದಾಗಿ ಹಾಕಿದ ಪಟ್ಟಿ ಇದು: 640.0, 640.5, 642.0, 644.5, 647.5, 651.0, 656.0, 657.0. ಎಂಟರಿಂದ ಆಗುವ 28 ಜೋಡಿಗಳಲ್ಲಿ ಒಂದರ ಅಂತರವೂ ಇನ್ನೊಂದಕ್ಕೆ ಹೊಂದುವುದಿಲ್ಲ. 642ರ ಎರಡರಷ್ಟರಲ್ಲಿ 640.5 ಕಳೆಯಿರಿ, 643.5 ಬರುತ್ತದೆ, ಅಲ್ಲಿ ಯಾರೂ ಇಲ್ಲ. 640.5 ಮತ್ತು 647.5 ಕೂಡಿ 642 ಕಳೆಯಿರಿ, 646, ಅಲ್ಲೂ ಖಾಲಿ. ಪಟ್ಟಿ ಹಾಕುವ ಮೊದಲು ಪ್ಯಾಕ್‌ಗಳನ್ನೆಲ್ಲ ಆರಿಸಿ, ಈ ಎಂಟೂ ಜಾಗದಲ್ಲಿ ರಿಸೀವರ್ ಮೌನವಾಗಿದೆಯೇ ಎಂದು ನೋಡಲಾಯಿತು. ಲೆಕ್ಕ ಬೇಡವೆನ್ನುವವರು ತಯಾರಕರೇ ಲೆಕ್ಕ ಹಾಕಿ ಕೊಟ್ಟ ಒಂದೇ 'ಗ್ರೂಪ್' ಒಳಗಿನ ಚಾನೆಲ್‌ಗಳನ್ನು ಬಳಸಬಹುದು. ಎರಡು ಗ್ರೂಪ್ ಅಥವಾ ಎರಡು ಕಂಪನಿಯ ಸೆಟ್ಟು ಬೆರೆಸಿದರೆ ಆ ಭರವಸೆ ಹೋಯಿತು.

770ರ ಹ್ಯಾಂಡ್ ಮೈಕುಗಳ ಕತೆ ಬೇರೆ. 758ರಿಂದ 803 ಮೆಗಾಹರ್ಟ್ಸ್ ಈಗ ಮೊಬೈಲ್ ಟವರ್‌ಗಳು ಫೋನಿನತ್ತ ಕಳಿಸುವ ಪಟ್ಟಿ. 700ರ ಈ ಬ್ಯಾಂಡ್ 2022ರ ಹರಾಜಿನಲ್ಲಿ ಬಿಕರಿಯಾಗಿ 5ಜಿಗೆ ಬಳಕೆಯಲ್ಲಿದೆ. ಅದಕ್ಕೂ ಮುಂಚೆ ಕೊಂಡ ಮೈಕುಗಳು ಬಾಡಿಗೆ ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿವೆ, ನೋಡಲು ಹೊಸದರಂತೆಯೇ ಇರುತ್ತವೆ. ಮೈಕಿನ ಹಿಂದಿನ ಚೀಟಿಯಲ್ಲಿ ಫ್ರೀಕ್ವೆನ್ಸಿ ಓದದೆ ಒಪ್ಪಿಕೊಳ್ಳಬಾರದು. ಎರಡನ್ನೂ ವಾಪಸ್ ಕಳಿಸಲಾಯಿತು.

ಶಾಲೆಯ ಹೆಡ್‌ಸೆಟ್‌ಗಳು ತರಗತಿಯಲ್ಲಿ ಪಾಠ ಹೇಳಲು ಚೆನ್ನಾಗಿವೆ. 2.4 ಗಿಗಾಹರ್ಟ್ಸ್ ಅಂದರೆ ವೈಫೈ, ಬ್ಲೂಟೂತ್ ಎಲ್ಲ ಓಡಾಡುವ ಓಣಿ. ಮಧ್ಯಾಹ್ನ ಸಭಾಂಗಣದಲ್ಲಿದ್ದ ಫೋನುಗಳು ಹತ್ತೋ ಹನ್ನೆರಡೋ. ಸಂಜೆ ಕೂತವರು 600 ಜನ, ಹೆಚ್ಚಿನವರ ಜೇಬಿನಲ್ಲಿ ಒಂದೊಂದು. ಅದರ ಮೇಲೆ ಈ ಅಲೆಗಳನ್ನು ಮನುಷ್ಯನ ಮೈ ಚೆನ್ನಾಗಿ ಹೀರುತ್ತದೆ. ರಂಗದಿಂದ 27 ಮೀಟರ್ ಆಚೆ, ಮೇಜಿನ ಎತ್ತರಕ್ಕಿದ್ದ ರಿಸೀವರ್‌ಗೂ ರಾಜನಿಗೂ ನಡುವೆ ಆರುನೂರು ಮೈಗಳ ಗೋಡೆ ಎದ್ದಿತ್ತು. ಖಾಲಿ ಸಭಾಂಗಣದ ತಾಲೀಮು ಸುಳ್ಳು ಹೇಳಿದ್ದು ಇಲ್ಲೇ.

ರಿಸೀವರ್ ಎಲ್ಲಿರಬೇಕು

ಮಂಗಳವಾರಕ್ಕೆ ರಿಸೀವರ್‌ಗಳು ರಂಗದ ಪಕ್ಕದ ಮರೆಯ ಜಾಗಕ್ಕೆ, ಬಲ ವಿಂಗ್‌ಗೆ ಬಂದವು. 1.8 ಮೀಟರ್ ಎತ್ತರದಲ್ಲಿ, ಕಬ್ಬಿಣದ ಕಪಾಟಿನ ಮೇಲಲ್ಲ, ಮರದ ಸ್ಟ್ಯಾಂಡಿನ ಮೇಲೆ. ಆಂಟೆನಾಗಳು ವಿ ಆಕಾರದಲ್ಲಿ ಬಿಚ್ಚಿಕೊಂಡು. ಎಲ್‌ಇಡಿ ಗೋಡೆ ಹಚ್ಚಿದರೆ ನಾಲ್ಕು ರಿಸೀವರ್‌ಗಳ ಸಿಗ್ನಲ್ ದೀಪ ತಾನಾಗಿ ಮಿನುಗುವುದು ಶನಿವಾರ ಕಂಡಿತ್ತು. ಆ ಗೋಡೆಯ ಒಳಗಿನ ಪವರ್ ಸಪ್ಲೈಗಳೂ ಸರ್ಕ್ಯೂಟುಗಳೂ ರೇಡಿಯೊ ಸದ್ದು ಉಗುಳುತ್ತವೆ. ಬಾಡಿಗೆ ಮುಂಗಡ ಕೊಟ್ಟಾಗಿತ್ತು, ಗೋಡೆ ಬೇಡವೆನ್ನುವಂತಿರಲಿಲ್ಲ. ರಿಸೀವರ್‌ಗಳನ್ನೇ ಅದರಿಂದ 6 ಮೀಟರ್ ಮುಂದಕ್ಕೆ, ಪರದೆಯ ಪಕ್ಕಕ್ಕೆ ಎಳೆದರು. ಅಲ್ಲಿಂದ ಮಿಕ್ಸರ್‌ಗೆ ಹಲವು ತಂತಿ ಒಟ್ಟಿಗಿರುವ ಮಲ್ಟಿಕೋರ್ ಕೇಬಲ್.

ವಿಂಗ್‌ನಲ್ಲಿ ಇಟ್ಟಾಗ ಹೊಸದೊಂದು ಅಪಾಯ ಇದೆ. ಚಾಲೂ ಇರುವ ಪ್ಯಾಕ್ ಆಂಟೆನಾಕ್ಕೆ ತೀರಾ ಹತ್ತಿರ ಬಂದರೆ ರಿಸೀವರ್ ಕಿವುಡಾಗುತ್ತದೆ, ಬೆರಕೆಗಳೂ ಹೆಚ್ಚುತ್ತವೆ. ಕಡಿಮೆಯೆಂದರೆ 3 ಮೀಟರ್ ಅಂತರ ಬೇಕು. ಹಾಗಾಗಿ ಮಕ್ಕಳು ಕಾಯುವುದು, ಮೈಕು ಬದಲಿಸುವುದು ಎಲ್ಲ ಎಡ ವಿಂಗ್‌ನಲ್ಲಿ ಎಂದಾಯಿತು. ಬಲಗಡೆಯಿಂದ ಪ್ರವೇಶವಿದ್ದ ಎರಡು ಪಾತ್ರಗಳನ್ನು ಮೇಷ್ಟ್ರು ಎಡಕ್ಕೆ ತಿರುಗಿಸಿದರು. ಪ್ಯಾಕ್‌ಗಳನ್ನು ಚಾಲೂ ಇಟ್ಟು ಒಂದೇ ಡಬ್ಬಿಯಲ್ಲಿ ರಾಶಿ ಹಾಕಬಾರದು ಎನ್ನುವುದಕ್ಕೂ ಕಾರಣ ಇದೇ.

ಹೌಲಿಂಗ್‌ನ ಲೆಕ್ಕ

ತೆರೆದಿರುವ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ, ಹೌಲಿಂಗ್ ಬಾರದೆ ಏರಿಸಬಹುದಾದ ಧ್ವನಿಯಲ್ಲಿ 3 ಡೆಸಿಬಲ್ ಕಳೆದುಹೋಗುತ್ತದೆ. ಹನ್ನೆರಡು ತೆರೆದಿದ್ದರೆ ನಷ್ಟ ಸುಮಾರು 11 ಡೆಸಿಬಲ್. ಇಬ್ಬರು ಮಾತಾಡುವ ದೃಶ್ಯದಲ್ಲಿ ಎರಡೇ ತೆರೆದರೆ ನಷ್ಟ 3. ನಡುವಿನ 8 ಡೆಸಿಬಲ್ ಪುಕ್ಕಟೆ ಸಿಗುತ್ತದೆ; ಅದಕ್ಕೆ ಬೇಕಾದದ್ದು ಗುಂಡಿಯ ಮೇಲೆ ಒಂದು ಬೆರಳು. ಜನ ತುಂಬಿದ ಮೇಲೆ ಅವರ ಬಟ್ಟೆ, ಮೈ ಎಲ್ಲ ಸದ್ದನ್ನು ಹೀರುವುದರಿಂದ ಧ್ವನಿ ಏರಿಸಲೇಬೇಕಾಗುತ್ತದೆ, ಮೇಲೆ ಜನರದ್ದೇ ಗದ್ದಲ. ಶುಕ್ರವಾರ ಏರಿಸಲು ಜಾಗವೇ ಉಳಿದಿರಲಿಲ್ಲ.

ಇನ್ನೊಂದು ನಷ್ಟ ಕಿವಿಗೆ ತಕ್ಷಣ ಗೊತ್ತಾಗುವುದಿಲ್ಲ. ರಾಜನೂ ರಾಣಿಯೂ ಹತ್ತಿರ ನಿಂತಾಗ ರಾಜನ ಮಾತು ಎರಡೂ ಮೈಕಿಗೆ ಹೋಗುತ್ತದೆ, ಸ್ವಲ್ಪ ಹಿಂದೆ ಮುಂದಾಗಿ. ದೂರದ ವ್ಯತ್ಯಾಸ 34 ಸೆಂಟಿಮೀಟರ್ ಇದ್ದರೆ ತಡ 1 ಮಿಲಿಸೆಕೆಂಡ್. ಆಗ 500, 1500, 2500 ಹರ್ಟ್ಸ್‌ಗಳಲ್ಲಿ ಧ್ವನಿ ಒಂದನ್ನೊಂದು ತಿಂದುಹಾಕುತ್ತದೆ. ಕೊಳವೆಯೊಳಗಿಂದ ಮಾತಾಡಿದ ಹಾಗೆ ಕೇಳಿಸುವುದು ಇದರಿಂದಲೇ. ಅಪ್ಪುಗೆಯ ದೃಶ್ಯದಲ್ಲಿ ಒಬ್ಬರ ಮೈಕು ಮುಚ್ಚಿ, ಇಬ್ಬರ ಮಾತನ್ನೂ ಇನ್ನೊಬ್ಬರ ಮೈಕಿನಲ್ಲೇ ತೆಗೆದುಕೊಳ್ಳಬೇಕು.

ಸ್ಪೀಕರ್‌ಗಳನ್ನು ರಂಗದಿಂದ ಕೆಳಗಿಳಿಸಿ, ಪರದೆಯ ಗೆರೆಯಿಂದ 1.5 ಮೀಟರ್ ಮುಂದೆ 2 ಮೀಟರ್ ಎತ್ತರದ ಸ್ಟ್ಯಾಂಡಿಗೆ ಏರಿಸಿದರು. ಮೂತಿ ಸಭೆಯ ಮೂರನೇ ಎರಡು ಭಾಗದ ದೂರಕ್ಕೆ ಗುರಿಯಿಟ್ಟು. ಪಾತ್ರಧಾರಿಗಳ ಬೆನ್ನಿಗಿದ್ದ ಸ್ಪೀಕರ್ ಮುಂದೆ ಹೋದದ್ದರಿಂದಲೇ ಅರ್ಧ ಕೂಗು ಅಡಗಿತು. ಉಳಿದದ್ದಕ್ಕೆ ಈಕ್ವಲೈಸರ್‌ನಲ್ಲಿ ಕೂಗುವ ಫ್ರೀಕ್ವೆನ್ಸಿಗಳನ್ನಷ್ಟೇ ಹಿಡಿದು ಮೂರು ಕಡೆ ಕಿರಿದಾಗಿ 4 ಡೆಸಿಬಲ್ ಕತ್ತರಿಸಿದರು. ಐದಾರು ಕಡೆ ಕತ್ತರಿಸಬೇಕಾಗಿ ಬಂದರೆ ಈಕ್ವಲೈಸರ್ ಬಿಟ್ಟು ಸ್ಪೀಕರ್ ಇಟ್ಟ ಜಾಗವನ್ನು ಅನುಮಾನಿಸಿ.

ಗೋಡೆಯ ಕಾಲಂಗಳು ಮುಂದಿನ ಸ್ಪೀಕರ್‌ಗಿಂತ 16 ಮೀಟರ್ ಹಿಂದಿದ್ದವು. ತಂತಿಯಲ್ಲಿ ಸಿಗ್ನಲ್ ತಕ್ಷಣ ತಲುಪುತ್ತದೆ. ಗಾಳಿಯಲ್ಲಿ ಧ್ವನಿ, ಸೆಕೆ ಇರುವ ಸಭಾಂಗಣದಲ್ಲಿ, ಸೆಕೆಂಡಿಗೆ ಸುಮಾರು 348 ಮೀಟರ್. ಅಂದರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡು ಸಲ, 46 ಮಿಲಿಸೆಕೆಂಡ್ ಅಂತರದಲ್ಲಿ. ಕಾಲಂಗಳಿಗೆ 46ರ ಜತೆ 10 ಸೇರಿಸಿ 56 ಮಿಲಿಸೆಕೆಂಡ್ ತಡ ಕೊಟ್ಟಾಗ ಧ್ವನಿ ರಂಗದ ಕಡೆಯಿಂದಲೇ ಬಂದಂತಾಗಿ ಮಾತು ಬಿಡಿಬಿಡಿಯಾಗಿ ತಿಳಿಯಿತು. ಹಳೇ ಅನಲಾಗ್ ಮಿಕ್ಸರ್‌ನಲ್ಲಿ ಈ ಸೌಲಭ್ಯವಿಲ್ಲ. ಅಂಗಡಿಯಲ್ಲಿ ಡಿಜಿಟಲ್ ಮಿಕ್ಸರ್ ಇತ್ತು, ಕೈಗೆ ಹತ್ತಿಲ್ಲವೆಂದು ಆಪರೇಟರ್ ತಂದಿರಲಿಲ್ಲ. ಸೋಮವಾರದ ತಾಲೀಮಿಗೆ ತಂದರು, ಕೈಗೂ ಹತ್ತಿತು.

ಯಾರಿಗೆ ಮೈಕು, ಯಾವಾಗ

ಮೈಕು ಪಾತ್ರಕ್ಕಲ್ಲ, ದೃಶ್ಯಕ್ಕೆ. ಒಂದು ಹಾಳೆಯಲ್ಲಿ ಅಡ್ಡಕ್ಕೆ ಒಂಬತ್ತು ದೃಶ್ಯ, ಉದ್ದಕ್ಕೆ ಪಾತ್ರಗಳನ್ನು ಬರೆದು, ಮಾತಿರುವ ಮನೆಗಳಿಗೆ ಮಾತ್ರ ಟಿಕ್ ಹಾಕಿದಾಗ ಯಾವ ದೃಶ್ಯದಲ್ಲೂ ಆರಕ್ಕಿಂತ ಹೆಚ್ಚು ಮಂದಿ ಒಬ್ಬೊಬ್ಬರಾಗಿ ಮಾತಾಡುವುದಿಲ್ಲ ಎಂದು ಗೊತ್ತಾಯಿತು. ಆರು ಮೈಕು ಸಾಕು. ಏಳನೆಯದು ಬದಲಿ, ಎಂಟನೆಯದು ಸೂತ್ರಧಾರನಿಗೆ. ಎಂಟೂ ಕಾಲರ್ ಮೈಕಿನ ಬದಲು ಕಿವಿಗೆ ಸಿಕ್ಕಿಸುವ ತೆಳು ಹೆಡ್‌ಸೆಟ್ ಮೈಕು, ಅದೇ ಪ್ಯಾಕ್‌ಗೆ ಹೊಂದುವಂಥವು. ಎದೆಯ ಮೇಲಿನ ಮೈಕಿಗಿಂತ ಕೆನ್ನೆಯ ಮೈಕು ಬಾಯಿಗೆ ನಾಲ್ಕೈದು ಪಟ್ಟು ಹತ್ತಿರ.

ಸೈನಿಕರು, ಪುರಜನರು, ಋಷಿಕುಮಾರರ ಗುಂಪಿಗೆ ರಂಗದ ಅಂಚಿನಲ್ಲಿ ಮೂರು ಸಣ್ಣ ಕಂಡೆನ್ಸರ್ ಮೈಕು. ಪ್ರತಿಯೊಂದರ ಕೆಳಗೆ ಒಂದು ಮಡಚಿದ ಸ್ಪಂಜು. ಇಲ್ಲದಿದ್ದರೆ ಹಲಗೆಯ ಮೇಲಿನ ಹೆಜ್ಜೆ ಸಭೆಗೆ ಗುದ್ದುತ್ತದೆ. ಇವಕ್ಕೆ ಮಿಕ್ಸರ್ ಮೈಕಿನ ತಂತಿಯಲ್ಲೇ ಕಳಿಸುವ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್, ಬೇಕು. ಹಳೇ ಮಿಕ್ಸರ್‌ನಲ್ಲಿ ಎಲ್ಲ ಚಾನೆಲ್‌ಗೂ ಸೇರಿ ಒಂದೇ ಫ್ಯಾಂಟಮ್ ಗುಂಡಿ ಇತ್ತು; ರಿಸೀವರ್‌ನ ಔಟ್‌ಪುಟ್‌ಗೆ ಅದು ಹೋಗದಿರುವುದೇ ಕ್ಷೇಮ. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಪಾತ್ರಧಾರಿ ಮೈಕಿನ ಮುಂದೆ ಬಂದು ನಿಂತೇ ಕಂದ ಎತ್ತುತ್ತಾನೆ. ಅದನ್ನು ಹಳೇ ಕಾಲದ್ದೆಂದು ನಗುವವರಿದ್ದಾರೆ, ಆದರೆ ಎರಡೇ ಸಾಲು ಮಾತಿರುವ ದೂತನಿಗೆ ಕಾರ್ಡ್‌ಲೆಸ್ ಕಟ್ಟುವುದಕ್ಕಿಂತ ಅಂಚಿನ ಮೈಕಿನ ಹತ್ತಿರ ಬಂದು ಹೇಳು ಎನ್ನುವುದು ಎಷ್ಟೋ ಮೇಲು. ನೆಲದ ಮೇಲೆ ಬಿಳಿ ಟೇಪಿನ ಒಂದು ಗುರುತು ಸಾಕು.

ಐದನೇ ಮೈಕು ನಾಲ್ಕನೇ ದೃಶ್ಯದ ಕೊನೆಗೆ ಮಂತ್ರಿಯಿಂದ ಬಿಚ್ಚಿ ಆರರಲ್ಲಿ ಬರುವ ಋಷಿಗೆ ಹೋಗಬೇಕಿತ್ತು. ನಡುವೆ ಐದನೇ ದೃಶ್ಯದ ನಾಲ್ಕು ನಿಮಿಷ. ಮೊದಲ ಸಲ ಮಾಡಿದಾಗ 2 ನಿಮಿಷ 40 ಸೆಕೆಂಡ್ ಹಿಡಿಯಿತು, ಅದರಲ್ಲಿ ಅರ್ಧ ಹೊತ್ತು ಟೇಪಿನ ತುದಿ ಹುಡುಕುವುದಕ್ಕೇ. ಮೂರನೇ ಸಲಕ್ಕೆ 1 ನಿಮಿಷ 10 ಸೆಕೆಂಡ್. ಕ್ರಮ ಇದು: ಎಡ ವಿಂಗ್‌ನಲ್ಲಿ ಎರಡು ಕುರ್ಚಿ, ಮಂತ್ರಿಗೂ ಋಷಿಗೂ. ಋಷಿಯ ಸೊಂಟದಲ್ಲಿ ಖಾಲಿ ಚೀಲದ ಪಟ್ಟಿ ಮೊದಲೇ ಕಟ್ಟಿರುತ್ತದೆ. ಮೈಕು ನೋಡಿಕೊಳ್ಳುವ ಹುಡುಗಿಯ ಎಡ ಮುಂಗೈ ಮೇಲೆ ಎರಡು ಇಂಚಿನ ಟೇಪಿನ ಮೂರು ತುಂಡು ಅಂಟಿಕೊಂಡಿರುತ್ತವೆ. ಮಂತ್ರಿ ಕೂತ ಕೂಡಲೇ ಕೆನ್ನೆಯ ಟೇಪು, ಕತ್ತಿನ ಟೇಪು ಬಿಡಿಸಿ, ಪ್ಯಾಕನ್ನು ತಂತಿ ಸಮೇತ ಹೊರಗೆಳೆದು, ಮೈಕಿನ ಕಡ್ಡಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ (ಮೈಕಿನ ತುದಿಗೆ ತಾಗಿಸದೆ) ಋಷಿಗೆ ಹಾಕುವುದು. ತಂತಿಯ ಕನೆಕ್ಟರ್ ಬಿಚ್ಚುವುದಿಲ್ಲ, ಪ್ಯಾಕ್ ಆರಿಸುವುದೂ ಇಲ್ಲ. ಮುಚ್ಚುವುದು ತೆರೆಯುವುದು ಮಿಕ್ಸರ್‌ನಲ್ಲೇ. ಮುಗಿದ ಮೇಲೆ ಪೆನ್‌ಟಾರ್ಚ್ ಎರಡು ಸಲ ಮಿಣುಕ್ ಎನಿಸಿದರೆ ಆಪರೇಟರ್‌ಗೆ ಐದು ತಯಾರು ಎಂದು ತಿಳಿಯುತ್ತದೆ.

ಕಟ್ಟುವ ಬಗೆ

ಪೌರಾಣಿಕ ವೇಷ ಮೈಕಿಗೆ ಹೇಳಿ ಮಾಡಿಸಿದ ಶತ್ರು. ಹಾರ, ಪದಕ, ಜರಿ ಶಲ್ಯ ಎಲ್ಲ ಎದೆಯ ಮೇಲೆ ಉಜ್ಜುತ್ತವೆ. ಕಾಲರ್ ಮೈಕು ಇಲ್ಲಿ ಸೋಲುವುದು ಖಂಡಿತ. ಹಣೆಯ ಕೂದಲಂಚಿಗೆ ಕಟ್ಟೋಣವೆಂದರೆ ಕಿರೀಟದ ಅಂಚು ಮೇಲೆ ಕವುಚಿಕೊಂಡು ಧ್ವನಿ ಗುಂಯ್‌ಗುಡುತ್ತದೆ. ಉಳಿಯುವುದು ಕೆನ್ನೆ. ಮೈಕಿನ ತುದಿ ಬಾಯಿಯ ಮೂಲೆಯಿಂದ 2 ಸೆಂಟಿಮೀಟರ್ ಹಿಂದೆ ಇರಬೇಕು, ತುಟಿಯ ಮುಂದಲ್ಲ. ಪೌರಾಣಿಕ ಸಂಭಾಷಣೆಯ ತುಂಬ ಮಹಾಪ್ರಾಣ. 'ಭೋ ಭಟರೇ' ಎಂದು ಉಸಿರು ಹಾಕಿದರೆ ಮುಂದಿರುವ ಮೈಕು ಪ್ರತಿ ಭಕಾರಕ್ಕೂ ಡಬ್ ಎನ್ನುತ್ತದೆ. ಗಡ್ಡದ ಋಷಿಗೆ ಮೈಕು ಗಡ್ಡದ ಒಳಗಲ್ಲ, ಮೇಲಂಚಿನ ಪಕ್ಕ.

ಬಣ್ಣ ಹಚ್ಚಿದ ಕೆನ್ನೆಗೆ ಟೇಪು ಹಿಡಿಯುವುದಿಲ್ಲ. ಅದಕ್ಕೇ ಮೊದಲು ಸ್ಪಿರಿಟ್‌ನಿಂದ ಒರೆಸಿದ ಚರ್ಮಕ್ಕೆ ಮೈಕು, ಆಮೇಲೆ ಅದರ ಮೇಲೆಯೇ ಬಣ್ಣ. ಆ ಹೊತ್ತು ಮೈಕಿನ ತುದಿಗೆ ಒಂದು ಚೂರು ಟಿಶ್ಯೂ ಸುತ್ತಿದ್ದರೆ ಪೌಡರು ರಂಧ್ರ ಮುಚ್ಚುವುದಿಲ್ಲ. ನಡುವೆ ಬದಲಾಗುವ ಋಷಿಯ ಕೆನ್ನೆಯಲ್ಲಿ ಮಾತ್ರ ಒಂದು ಬೆರಳಗಲ ಬಣ್ಣವಿಲ್ಲದ ಜಾಗ ಬಿಡಲಾಯಿತು, ಗಡ್ಡದ ನೆರಳಿನಲ್ಲಿ ಯಾರಿಗೂ ಕಾಣಲಿಲ್ಲ. ಟೇಪು ಔಷಧದಂಗಡಿಯ ಪಾರದರ್ಶಕ ಮೆಡಿಕಲ್ ಟೇಪು. ಸೆಲ್ಲೋಟೇಪು ಬೆವರಿಗೆ ಐದು ನಿಮಿಷ ನಿಲ್ಲುವುದಿಲ್ಲ. ತಂತಿ ಕಿವಿಯ ಹಿಂದಿನಿಂದ ಕತ್ತಿನ ಹಿಂಭಾಗಕ್ಕೆ ಬಂದು ಅಲ್ಲೊಂದು ಟೇಪು, ಅದರ ಕೆಳಗೆ 5 ಸೆಂಟಿಮೀಟರ್‌ನಷ್ಟು ಸಡಿಲ ಸುರುಳಿ. ತಲೆ ತಿರುಗಿಸಿದಾಗ ಎಳೆತ ಆ ಸುರುಳಿಗೆ ಬೀಳಬೇಕು, ಮೈಕಿಗಲ್ಲ.

ಪ್ಯಾಕಿನ ಚೀಲವನ್ನು ಊರ ದರ್ಜಿ ಕಾಟನ್ ಬಟ್ಟೆಗೆ ಒಂದು ಇಂಚಿನ ಎಲಾಸ್ಟಿಕ್ ಹೊಲಿದು ಕೊಟ್ಟರು, ಹಿಂದೆ ವೆಲ್ಕ್ರೊ. ಪ್ಯಾಕಿಗೆ ಮೊದಲು ಸಣ್ಣ ಜಿಪ್ ಕವರ್, ಬೆವರು ಇಳಿಯದಂತೆ. ಬಾಲದಂತಿರುವ ಆಂಟೆನಾ ಸುಮಾರು 12 ಸೆಂಟಿಮೀಟರ್. ಆ ಉದ್ದಕ್ಕೆ ಕಾರಣವಿದೆ, 640 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಅದು. ಮಡಚಿ ಪಟ್ಟಿಯೊಳಗೆ ತುರುಕಿದರೆ ಅದು ಆಂಟೆನಾ ಆಗಿ ಉಳಿಯುವುದಿಲ್ಲ. ಚಿನ್ನದ ಹಾಳೆ ಅಂಟಿಸಿದ ಸೊಂಟಪಟ್ಟಿಯ ಅಡಿಯಲ್ಲೂ ಇಡಬಾರದು. ಸಿಂಹಾಸನಕ್ಕೆ ಒರಗುವ ರಾಜನಿಗೆ ಪ್ಯಾಕು ಬೆನ್ನಿಗಲ್ಲ, ಎಡ ಕಂಕುಳ ಕೆಳಗೆ. ಗೆಜ್ಜೆಗೆ ಮಾತ್ರ ಉಪಾಯವಿಲ್ಲ: ನರ್ತಕಿಯರ ಗೆಜ್ಜೆ ಅಂಚಿನ ಮೈಕುಗಳಿಗೆ ಧಾರಾಳವಾಗಿ ಕೇಳಿಸುತ್ತದೆ, ಕುಣಿತ ಮುಗಿದ ಕೂಡಲೇ ಆ ಮೂರನ್ನೂ ಮುಚ್ಚಬೇಕು.

ಮಿಕ್ಸರ್ ಪಕ್ಕ ಕೂತವಳು

ಆಪರೇಟರ್‌ಗೆ ನಾಟಕ ಗೊತ್ತಿಲ್ಲ, ಗೊತ್ತಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಪ್ರತಿಯೊಂದು ಮಾತಿನ ಪಕ್ಕ ಮೈಕಿನ ನಂಬರು ಬರೆದ ಸ್ಕ್ರಿಪ್ಟ್ ಹಿಡಿದು ಪಕ್ಕ ಕೂತಳು. 'ಅಣ್ಣಾ, ಮುಂದಕ್ಕೆ ಮೂರು' ಎಂದು ಒಂದು ಮಾತು ಮುಂಚೆ ಎಚ್ಚರಿಸಿ, ಮಾತು ಬರುವಾಗ 'ಮೂರು' ಎನ್ನುವುದು ಅವಳ ಕೆಲಸ. ಗುಂಡಿ ತಡವಾಗಿ ಎದ್ದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಸೋಮವಾರದ ತಾಲೀಮಿನಲ್ಲಿ 'ಮಹಾರಾಜ' ಎಲ್ಲರಿಗೂ 'ಹಾರಾಜ' ಆಗಿದ್ದ. ಗುಂಡಿ ಪೂರ್ತಿ ಇಳಿಸದೆ 15 ಡೆಸಿಬಲ್ ಕೆಳಗೆ ನಿಲ್ಲಿಸಿಕೊಂಡು, ಅಲ್ಲಿಂದ ಮೇಲಕ್ಕೆತ್ತುವುದೆಂದು ಮಾಡಿದ ಮೇಲೆ ಸರಿಯಾಯಿತು. ರಂಗ ಬಿಟ್ಟವರದು ಮಾತ್ರ ಪೂರ್ತಿ ಬಂದ್. ಸೇನಾಪತಿಯ ಇಡ್ಲಿ ಮತ್ತೆ ಕೇಳಿಸಲಿಲ್ಲ.

ಪ್ಯಾಕಿನ ಗೇನ್ (ಮೈಕಿನ ಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಇಟ್ಟದ್ದು ರಾಜನ ಅತಿ ಜೋರಿನ ಮಾತನ್ನು ಕೂಗಿಸಿ. ಪ್ರದರ್ಶನದ ದಿನ ಮಕ್ಕಳು ತಾಲೀಮಿಗಿಂತ ಜೋರು, ಅದಕ್ಕಾಗಿ 6 ಡೆಸಿಬಲ್ ಜಾಗ ಬಿಟ್ಟರು. ಮಕ್ಕಳ ಧ್ವನಿಯಲ್ಲಿ ತೀರಾ ಕೆಳಗಿನದು ಬೇಕಾಗುವುದಿಲ್ಲವಾದ್ದರಿಂದ 150 ಹರ್ಟ್ಸ್ ಕೆಳಗೆ ಕತ್ತರಿಸಬಹುದು. ದನಿ ಒಡೆದ ಹುಡುಗರಿಗೆ 100. ಜೋರು ಮಾತನ್ನು ತಗ್ಗಿಸುವ ಕಂಪ್ರೆಸರ್ 3:1, ಕೂಗಿದಾಗ ಐದಾರು ಡೆಸಿಬಲ್ ಇಳಿಯುವಷ್ಟು. ತಗ್ಗಿದ್ದನ್ನು ಮತ್ತೆ ಏರಿಸುವ ಮೇಕಪ್ ಗೇನ್ ಸೊನ್ನೆ, ಅಲ್ಲಿ ಏರಿಸಿದ್ದೆಲ್ಲ ಹೌಲಿಂಗ್‌ಗೆ ಹೋಗುತ್ತದೆ.

ಸೆಲ್ಲು, ಕರೆಂಟು

ಶುಕ್ರವಾರ ಸತ್ತ ಸೆಲ್ಲು ಅಂಗಡಿಯಲ್ಲಿ ಗೋಡೆ ಗಡಿಯಾರಕ್ಕೆಂದು ಕೊಡುವ ಅಗ್ಗದ್ದು. ಗಡಿಯಾರಕ್ಕೆ ವರ್ಷ ಬರುತ್ತದೆ, ಪ್ಯಾಕಿಗೆ ಒಂದು ತಾಲೀಮೂ ದಾಟುವುದಿಲ್ಲ. ಬೇಕಾದದ್ದು ಅದೇ ಅಳತೆಯ ಡಬಲ್ ಎ ಆಲ್ಕಲೈನ್. ಎಂಟು ಪ್ಯಾಕಿಗೆ ಎರಡೆರಡರಂತೆ 16, ಸೋಮವಾರಕ್ಕೊಂದು ಸೆಟ್ಟು, ಮಂಗಳವಾರಕ್ಕೊಂದು, ಮೇಲೆ ನಾಲ್ಕು: 36. ಹೊಸದು ಮಲ್ಟಿಮೀಟರ್‌ನಲ್ಲಿ 1.55 ವೋಲ್ಟ್ ಮೇಲೆ ತೋರಿಸಬೇಕು, 1.5ಕ್ಕಿಂತ ಕಡಿಮೆಯಿದ್ದರೆ ಪ್ರದರ್ಶನಕ್ಕೆ ಬೇಡ. ಚಾರ್ಜ್ ಆಗುವ ಸೆಲ್ಲು ಬಳಸಬಹುದು, ಆದರೆ ಅದು 1.2 ವೋಲ್ಟ್, ಆಲ್ಕಲೈನ್‌ಗೆಂದು ಮಾಡಿದ ಪ್ಯಾಕಿನ ಸೂಚಕ ಅದನ್ನು ಸರಿಯಾಗಿ ಓದುವುದಿಲ್ಲ.

ಜಿಂಯ್ ಸದ್ದಿಗೆ ಕಾರಣ ದೀಪದ ಡಿಮ್ಮರ್ ಮತ್ತು ಸೌಂಡು ಒಂದೇ ಫೇಸಿನಲ್ಲಿದ್ದದ್ದು. ಸೌಂಡಿಗೆ ಒಂದು ಫೇಸು ಬಿಟ್ಟುಕೊಟ್ಟು, ಮಿಕ್ಸರ್, ರಿಸೀವರ್, ಆಂಪ್ಲಿಫೈಯರ್ ಎಲ್ಲಕ್ಕೂ ಅಲ್ಲಿಂದಲೇ ಕರೆಂಟು ತೆಗೆದರು. ಹಿನ್ನೆಲೆ ಸಂಗೀತದ ಲ್ಯಾಪ್‌ಟಾಪು ಚಾರ್ಜರ್ ಸಿಕ್ಕಿಸಿದರೆ ಸಾಕು ಕಿರ್ ಅನ್ನುತ್ತಿತ್ತು. ನಡುವೆ ಡಿಐ ಬಾಕ್ಸ್ (ಲ್ಯಾಪ್‌ಟಾಪಿನ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬಿ) ಹಾಕಿ, ಸಿಗ್ನಲ್ ತಂತಿಯ ಗ್ರೌಂಡನ್ನು ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದಾಗ ನಿಂತಿತು. ಪ್ಲಗ್ಗಿನ ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವ 'ಉಪಾಯ' ಹೇಳುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಬೆವರಿದ ಮಕ್ಕಳು ಕೈಯಲ್ಲಿ ಮೈಕು ಹಿಡಿಯುವ ಕಡೆ ಅದು ಜೀವಕ್ಕೇ ಅಪಾಯ. ಮಿಕ್ಸರ್‌ಗೂ ರಿಸೀವರ್‌ಗಳಿಗೂ ತಲಾ ಒಂದು 600 ವಿಎ ಯುಪಿಎಸ್ ಕೊಟ್ಟರು, ಏಕೆಂದರೆ ಡಿಜಿಟಲ್ ಮಿಕ್ಸರ್ ಆರಿದರೆ ಮತ್ತೆ ಏಳಲು ಹೊತ್ತು ಬೇಕು.

ಮಂಗಳವಾರ

ಮೂರನೇ ದೃಶ್ಯದಲ್ಲಿ ಕರೆಂಟು ಹೋಯಿತು. ಜನರೇಟರ್ ಹಿಡಿಯುವ ತನಕ ಎಂಟು ಸೆಕೆಂಡ್ ಸ್ಪೀಕರ್ ಸುಮ್ಮನಿದ್ದವು, ಮಿಕ್ಸರ್ ಮಾತ್ರ ಎದ್ದೇ ಇತ್ತು; ರಾಣಿ ಮಾತು ನಿಲ್ಲಿಸದೆ ಮುಂದುವರಿಸಿದಳು. ಆರನೇ ದೃಶ್ಯದಲ್ಲಿ ನಾಲ್ಕನೇ ಮೈಕು ಚಟಚಟ ಎಂದಿತು. ಸ್ಕ್ರಿಪ್ಟ್ ಹಿಡಿದವಳು 'ನಾಲ್ಕು ಬಿಡಿ ಅಣ್ಣಾ, ನಡುವಿನದು ಎತ್ತಿ' ಎಂದಳು. ಸೇನಾಪತಿಗೆ ಮೊದಲೇ ಹೇಳಿಕೊಟ್ಟಿದ್ದಂತೆ ಅವನು ಬಿಳಿ ಟೇಪಿನ ಗುರುತಿಗೆ ನಡೆದು ಬಂದು ಅಲ್ಲಿಂದ ಮಾತಾಡಿದ. ದೃಶ್ಯ ಮುಗಿದ ಮೇಲೆ ಎಡ ವಿಂಗ್‌ನಲ್ಲಿ ಬದಲಿ ಮೈಕು ಏರಿತು. ಆಮೇಲೆ ಬಿಚ್ಚಿ ನೋಡಿದರೆ ಕನೆಕ್ಟರ್ ಬುಡದಲ್ಲಿ ತಂತಿಯ ಎಳೆ ತುಂಡಾಗಿತ್ತು: ಕತ್ತಿನ ಹಿಂದಿನ ಸಡಿಲ ಸುರುಳಿ ಅವನಿಗೆ ಬಿಟ್ಟಿರಲಿಲ್ಲ.

ಕೊನೆಯ ದೃಶ್ಯದ ಸೈನಿಕರ ಗುಂಪುಮಾತು ಮಂಗಳವಾರವೂ ತಿಳಿಯಾಗಲಿಲ್ಲ. ಎಂಟು ಮಂದಿ ಓಡಿ ಬಂದು ಒಟ್ಟಿಗೆ ಕೂಗುವಾಗ ಅಂಚಿನ ಮೈಕಿಗೆ ಬಾಯಿಗಿಂತ ಕಾಲು ಹತ್ತಿರ. ಓಟ ನಿಂತು ಎರಡು ಎಣಿಸಿದ ಮೇಲೆ ಕೂಗಿ ಎಂದು ತಾಲೀಮಿನಲ್ಲಿ ಹೇಳಿದ್ದರು. ಉತ್ಸಾಹದಲ್ಲಿ ಯಾರೂ ಎಣಿಸಲಿಲ್ಲ.